ಒಂಟಿಕೊಪ್ಪಲ್ ರೆಕಾರ್ಡ್ಸ್‌ನ ಜಗನ್ನಾಥ

ಕಾರಿನೊಳಗೆ ಕೂತಾಗ ಕಿವಿ ಅದುಮುವಂತೆ ಬರುವ ಗುಂಯ್ ಎನ್ನುವ ಸದ್ದನ್ನು ಇಲ್ಲದಂತೆ ಮಾಡುವುದು ಜಗನ್ನಾಥ ಅಂಕಲ್ ಅವರ ಉದ್ಯೋಗವಾಗಿತ್ತು. ಅಮೆರಿಕದ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ಅವರು ಎಪ್ಪತ್ತರ ದಶಕ ಪೂರ್ತಿ ಇದನ್ನೇ ಮಾಡಿದರು. ಎಲ್ಲಿ ತಗಡು ನಡುಗುತ್ತದೆ, ಎಲ್ಲಿ ರಬ್ಬರ್ ಇಟ್ಟರೆ ಆ ನಡುಕ ಸಾಯುತ್ತದೆ ಎಂದು ಹುಡುಕುವುದು. "ನನ್ನ ಕೆಲಸ ಸರಿಯಾಗಿದ್ರೆ, ನಾನು ಕೆಲಸ ಮಾಡಿದೀನಿ ಅನ್ನೋದೇ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದು ಅವರು ನಗುತ್ತಾರೆ.

ಅಂಥವರು ಜಮೈಕಾದ ರೆಗೆ ಸಂಗೀತಕ್ಕೆಂದೇ ಒಂದು ರೆಕಾರ್ಡ್ ಕಂಪನಿ ಕಟ್ಟಿದರು. ಅವರು ಹೇಳಿದ್ದನ್ನು ಅವರ ಹೆಂಡತಿ ಪದ್ಮ ಆಂಟಿ ಹೇಳಿದ್ದರ ಜೊತೆ ತಾಳೆ ನೋಡಿ ಇದನ್ನು ಬರೆದಿದ್ದೇನೆ. ಇಬ್ಬರ ನೆನಪು ಒಂದಾಗದ ಕಡೆ ಹಾಗೆಂದೇ ಹೇಳಿದ್ದೇನೆ.

ಶುರುವಾದದ್ದು ಒಂದು ದೂರಿನಿಂದ. ಯಾರೋ ಒಬ್ಬ ಗಿರಾಕಿ, ತನ್ನ ಹೊಸ ಕಾರಿನ ಹಿಂದಿನ ಗಾಜಿನ ಕೆಳಗಿರುವ ಹಲಗೆ ಒಂದು ಬಗೆಯ ಹಾಡು ಹಾಕಿದಾಗ ಮಾತ್ರ ಗಿರಗುಟ್ಟುತ್ತದೆ ಎಂದು ಬರೆದು, ಜೊತೆಗೆ ಆ ಹಾಡಿನ ಕ್ಯಾಸೆಟ್ಟನ್ನೂ ಕಳಿಸಿದ್ದ. ಅದು ಜಮೈಕಾದ ಹಾಡು. ಹಲಗೆ ಎಲ್ಲಿ ಅದುರುತ್ತದೆ ಎಂದು ಕಂಡುಹಿಡಿಯಲು ಅಂಕಲ್ ಅದೇ ಹಾಡನ್ನು ವಾರಗಟ್ಟಲೆ ಹಾಕಬೇಕಾಯಿತು. ಮೊದಮೊದಲು ಅವರಿಗೆ ಅದು ಏನೋ ಬಿಟ್ಟುಹೋದ ಹಾಡಿನಂತೆ ಕೇಳಿಸಿತು. ನಾಲ್ಕು ಪೆಟ್ಟಿನ ತಾಳ. ಆದರೆ ಮೊದಲ ಪೆಟ್ಟು ಬೀಳಬೇಕಾದಲ್ಲಿ ಡ್ರಮ್ಮು ಸುಮ್ಮನಿರುತ್ತದೆ. ಆ ಪೆಟ್ಟನ್ನು ಕೇಳುವವರೇ ಮೈಯೊಳಗೆ ಹಾಕಿಕೊಳ್ಳಬೇಕು. ಮೂರನೆಯದಕ್ಕೆ ಎಲ್ಲವೂ ಬಂದು ಕೂರುತ್ತದೆ. ಇದೆಲ್ಲದರ ಅಡಿಯಲ್ಲಿ ಮಂದ್ರ ಸ್ವರದ ಬಾಸ್ ಗಿಟಾರು ನೆಲವನ್ನೇ ಎತ್ತಿ ಇಳಿಸಿದಂತೆ ನಡೆಯುತ್ತದೆ.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅವರು ಬೆಳೆದ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಗಿರಣಿ ಇತ್ತಂತೆ. ಅದರ ಬೆಲ್ಟು ತಿರುಗಿದಾಗೆಲ್ಲ ಮನೆಯ ಗೋಡೆ ಮೆಲ್ಲಗೆ ಮಿಡಿಯುತ್ತಿತ್ತು. ಅಂಕಲ್ ಓದಲು ಕೂತರೆ ಆ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಿದ್ದರು. ಹಲಗೆಯ ಗಿರಗುಟ್ಟುವಿಕೆ ನಿಂತ ದಿನ ಅಂಕಲ್ ಕ್ಯಾಸೆಟ್ಟನ್ನು ಫೈಲಿನ ಜೊತೆ ವಾಪಸು ಕೊಡಲಿಲ್ಲ. ಮನೆಗೆ ತಂದರು.

ಆಮೇಲೆ ಆ ಸಂಗೀತ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೊರಟರು. ಡೆಟ್ರಾಯಿಟಿನ ಪಶ್ಚಿಮ ಭಾಗದಲ್ಲಿ ಕೆರಿಬಿಯನ್ ಜನ ಶನಿವಾರ ಸೇರುವ ಒಂದು ಹಾಲ್ ಇತ್ತು. ಅಲ್ಲಿ ಹೆಡ್ಲಿ ಟಾಮ್ಲಿನ್ ಎಂಬ ಜಮೈಕಾದವನು ಹಾಡುತ್ತಿದ್ದ. ವಾರವೆಲ್ಲ ಎರಕದ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಹಾಡು. ಕಾರ್ಯಕ್ರಮ ಮುಗಿದ ಮೇಲೆ ಅಂಕಲ್ ಅವನ ಹತ್ತಿರ ಹೋದರು.

"ನಿಮ್ಮ ಬಾಸ್‌ಗೆ ಈ ಹಾಲಿನ ಎಡಗಡೆ ಕಿಟಕಿ ಅಲ್ಲಾಡ್ತಿದೆ."

"ಕಂಪ್ಲೇಂಟಾ ಸಾರ್?" ಎಂದ ಹೆಡ್ಲಿ.

"ಇಲ್ಲ. ರೆಕಾರ್ಡ್ ಮಾಡೋಣ್ವಾ ಅಂತ ಕೇಳೋಕೆ ಬಂದೆ."

ಹೆಡ್ಲಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದನಂತೆ. ಟೈ ಕಟ್ಟಿಕೊಂಡು ಆ ಹಾಲಿಗೆ ಬಂದವರು ಅವರೊಬ್ಬರೇ.

ಹೀಗೆ ಹುಟ್ಟಿತು ಒಂಟಿಕೊಪ್ಪಲ್ ರೆಕಾರ್ಡ್ಸ್. ಹೆಸರು ಕೇಳಿ ಎಲ್ಲರೂ ತಡವರಿಸಿದರು. ಚಿಕಾಗೋದ ಅಂಗಡಿಯವರು ಅದನ್ನು "ಕೊಪ್ಪಲ್" ಎಂದು ಅರ್ಧ ಮಾಡಿಕೊಂಡರು. ಅಂಕಲ್ ಬದಲಾಯಿಸಲು ಒಪ್ಪಲಿಲ್ಲ. "ಅವರ ಊರಿನ ಹೆಸರು ನಾವು ಕಲೀಲಿಲ್ವಾ? ನಮ್ಮ ಊರಿಂದು ಅವರು ಕಲೀಲಿ." ಹೆಡ್ಲಿಯ ಎರಡು ಪುಟ್ಟ ರೆಕಾರ್ಡುಗಳು ಬಂದವು. ಶನಿವಾರ, ಭಾನುವಾರ ಅಂಕಲ್ ಅವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಡೆಟ್ರಾಯಿಟಿನಿಂದ ಚಿಕಾಗೋವರೆಗೆ ಅಂಗಡಿ ಅಂಗಡಿ ಹತ್ತಿ ಇಳಿದರು.

ಕನ್ನಡ ಕೂಟದ ದೀಪಾವಳಿಯಲ್ಲೂ, ಊಟಕ್ಕೆ ಬಿಟ್ಟಾಗ, ಅದನ್ನೇ ಹಾಕಿದರು. ಆಗ ಕೂಟದ ಸೆಕ್ರೆಟರಿಯಾಗಿದ್ದ ವೆಂಕಟರಾಮು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಬಂದರು.

"ಏನ್ರೀ ಜಗನ್ನಾಥ್, ಪ್ಲೇಯರ್ ಸ್ಲೋ ಆಗಿದೆಯಲ್ರೀ. ಯಾರನ್ನಾದ್ರೂ ಕರೆಸಿ ರಿಪೇರಿ ಮಾಡ್ಸಿ."

"ಸರಿಯಾಗೇ ಇದೆ ಸಾರ್. ಹಾಡೇ ಹಾಗೆ."

"ಹಾಗಾದ್ರೆ ಹಾಡುಗಾರನ್ನೇ ರಿಪೇರಿಗೆ ಕಳ್ಸಿ!"

ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು. ರೆಕಾರ್ಡು ಮಾತ್ರ ತೆಗೆಯಲಿಲ್ಲ. ತಟ್ಟೆ ಖಾಲಿಯಾಗುವ ಹೊತ್ತಿಗೆ ವೆಂಕಟರಾಮು ಅವರ ಕಾಲು ತಾಳ ಹಾಕುತ್ತಿತ್ತು ಎಂದು ಅಂಕಲ್ ಹೇಳುತ್ತಾರೆ. ಪದ್ಮ ಆಂಟಿಗೆ ಹಾಗೇನೂ ನೆನಪಿಲ್ಲ.

ಎಂಬತ್ತೊಂದರ ಚಳಿಗಾಲದಲ್ಲಿ ರಿಸೆಷನ್ ಅವರ ಲ್ಯಾಬಿಗೂ ಬಂತು. ಕಾರು ಕೊಳ್ಳುವವರೇ ಇಲ್ಲದ ಮೇಲೆ ಕಾರಿನ ಸದ್ದಿನ ಚಿಂತೆ ಯಾರಿಗೆ? ಅಂಕಲ್ ಇದ್ದ ವಿಭಾಗವನ್ನೇ ಮುಚ್ಚಿದರು. ಹೆಡ್ಲಿಯ ಎರಕದ ಕಾರ್ಖಾನೆಯೂ ಕದ ಹಾಕಿತು. ಪದ್ಮ ಆಂಟಿ ಆಸ್ಪತ್ರೆಯಲ್ಲಿ ಪೆಥಾಲಜಿ ಡಾಕ್ಟರ್. ಅವರ ಕೆಲಸ ಗಟ್ಟಿಯಾಗಿತ್ತು, ಮನೆ ನಡೆಯಿತು.

"ಬೇರೆ ಕಡೆ ಅಪ್ಲೈ ಮಾಡ್ತೀರಾ?" ಎಂದು ಅವರು ಕೇಳಿದರು.

"ಮಾಡಿದೀನಿ. ಆದ್ರೆ ಮೊದಲು ಹೆಡ್ಲಿದು ಒಂದು ದೊಡ್ಡ ರೆಕಾರ್ಡು, ಎಲ್‌ಪಿ. ಈಗ ಅವನಿಗೂ ಟೈಮ್ ಇದೆ, ನನಗೂ ಇದೆ. ಮತ್ತೆ ಸಿಗಲ್ಲ ಇಂಥ ಟೈಮು."

ಪದ್ಮ ಆಂಟಿ ಒಪ್ಪಿದರು. ಕೆಲಸ ಹೋದ ಮನುಷ್ಯ ಇಷ್ಟು ಹುರುಪಿನಿಂದ ಬೆಳಿಗ್ಗೆ ಎದ್ದು ಶೇವ್ ಮಾಡಿಕೊಳ್ಳುವುದನ್ನು ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲವಂತೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಹಾಡುಗಳ ಟೇಪು ಸಿದ್ಧವಾಯಿತು. ಅಷ್ಟರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಕಂಪನಿ ಹೆಡ್ಲಿಯನ್ನು ಕರೆಯಿತು. ಅವನು ಅದನ್ನು ಮುಚ್ಚಿಡಲಿಲ್ಲ.

"ಬ್ರದರ್ ಜಗನ್, ನಿನ್ನ ಜೊತೇಲೇ ಇರೋದು ನನಗಿಷ್ಟ. ಆದ್ರೆ ನನಗೆ ನಲವತ್ತಾಯ್ತು, ಕೆಲಸ ಇಲ್ಲ. ಈ ವರ್ಷ ನನ್ನ ರೆಕಾರ್ಡ್ ಕೈಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾನು ನ್ಯೂಯಾರ್ಕಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

"ಬರತ್ತೆ" ಎಂದರು ಅಂಕಲ್.

ಹಾಗೆ ಹೇಳಲು ಅವರಿಗೆ ಕಾರಣವಿತ್ತು. ಚಿಕಾಗೋ ಪಕ್ಕದ ಡೆಸ್ ಪ್ಲೇನ್ಸ್ ಹತ್ತಿರ ರೆಕಾರ್ಡ್ ಒತ್ತುವ ಒಂದು ಸಣ್ಣ ಫ್ಯಾಕ್ಟರಿ ಅವರ ಕೆಲಸ ಒಪ್ಪಿಕೊಂಡಿತ್ತು. ದೊಡ್ಡ ಫ್ಯಾಕ್ಟರಿಗಳು ಇಂಥ ಚಿಕ್ಕ ಆರ್ಡರನ್ನು ಮುಟ್ಟುತ್ತಲೇ ಇರಲಿಲ್ಲ. ಆದರೆ ಈ ಸಣ್ಣ ಫ್ಯಾಕ್ಟರಿಯೂ ಮುಚ್ಚುವುದರಲ್ಲಿತ್ತು. ದಸರೆ ಬಂದ ವಾರದ ಶುಕ್ರವಾರವೇ ಅವರು ಹೊಸ ಕೆಲಸ ತೆಗೆದುಕೊಳ್ಳುವ ಕಡೆಯ ದಿನ. ಹಾಡಿನ ಗೆರೆ ಕೊರೆದ ಲ್ಯಾಕರ್ ತಟ್ಟೆಗಳು ಅದರೊಳಗೆ ಅಲ್ಲಿ ತಲುಪಬೇಕು. ಲ್ಯಾಕರ್ ಅಂದರೆ ಅಲ್ಯೂಮಿನಿಯಂ ತಟ್ಟೆಗೆ ದಪ್ಪನಾಗಿ ಬಳಿದ ಮೆರುಗೆಣ್ಣೆ. ಅದರ ಮೇಲೆ ಸೂಜಿ ಹಾಡನ್ನು ಕೊರೆಯುತ್ತದೆ. ಅದಕ್ಕೆ ಲೋಹದ ಲೇಪ ಕೊಟ್ಟು ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ರೆಕಾರ್ಡುಗಳು. ಲ್ಯಾಕರ್ ಎಷ್ಟು ಮೃದು ಎಂದರೆ ಉಗುರು ತಾಕಿದರೂ ಗಾಯ.

ಆಯುಧಪೂಜೆಯ ಹಿಂದಿನ ಸಂಜೆ ಡೆಟ್ರಾಯಿಟಿನ ಸ್ಟುಡಿಯೋದಲ್ಲಿ ಎರಡೂ ಮಗ್ಗುಲಿನ ತಟ್ಟೆಗಳು ಸಿದ್ಧವಾದವು. ಮೊದಲ ಮಗ್ಗುಲು ತುಂಬ ಸತಾಯಿಸಿತ್ತು. ಬಾಸ್ ಜೋರಾದಷ್ಟೂ ಗೆರೆ ಅಗಲವಾಗುತ್ತದೆ, ಪಕ್ಕದ ಗೆರೆಗೆ ನುಗ್ಗುತ್ತದೆ. ಐದು ಹಾಡು ಹಿಡಿಸುವಷ್ಟರಲ್ಲಿ ಎರಡು ತಟ್ಟೆ ಹಾಳಾಗಿ, ಮೂರನೆಯದು ಕೂಡಿಬಂದಿತ್ತು. ಅಂಕಲ್ ಅವನ್ನು ಮನೆಗೆ ತಂದು, ಬೆಳಿಗ್ಗೆ ಪೂಜೆಯ ಮಣೆಯ ಮೇಲೆ ಇಟ್ಟರು. ಮೈಸೂರಿನವರು, ಆ ದಿನ ಮನೆಯ ಸ್ಕ್ರೂಡ್ರೈವರ್ ಕೂಡ ಪೂಜೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಪದ್ಮ ಆಂಟಿಯ ತಾಯಿ ಕಮಲವ್ವ ಧಾರವಾಡದಿಂದ ಬಂದು ಅವರ ಜೊತೆಗಿದ್ದರು. ಕಾರಿಗೆ, ಟೇಪ್ ರೆಕಾರ್ಡರಿಗೆ, ಮಿಕ್ಸಿಗೆ ಎಲ್ಲಕ್ಕೂ ಕುಂಕುಮ ಆಯಿತು.

"ಇದಕ್ಕ ಹಚ್ಚಂಗಿಲ್ಲೇನು?" ಎಂದರು ಕಮಲವ್ವ, ತಟ್ಟೆ ತೋರಿಸಿ.

"ಅದಕ್ಕೆ ಏನೂ ತಾಗಬಾರ್ದು ಅತ್ತೆ."

"ಆತು ಬಿಡಪಾ. ಅಕ್ಷತಿ ದೂರದಿಂದನ ಹಾಕತೇನಿ."

ಕಮಲವ್ವ ಅಷ್ಟಕ್ಕೇ ಬಿಟ್ಟರು. ಬಿಡದವರು ಅಂಕಲ್. ಕಾರಿಗೆ ಕುಂಕುಮ, ಮಿಕ್ಸಿಗೆ ಕುಂಕುಮ, ವರ್ಷವೆಲ್ಲ ದುಡಿದದ್ದಕ್ಕೆ ಮಾತ್ರ ಇಲ್ಲವೇ ಎಂದು ಅವರಿಗೆ ಅನ್ನಿಸಿತು. ಇಂಜಿನಿಯರಂತೆ ಯೋಚಿಸಿದರು. ತಟ್ಟೆಯ ನಡುವೆ, ಚೀಟಿ ಅಂಟಿಸುವ ಜಾಗದಲ್ಲಿ, ಗೆರೆಗಳಿಲ್ಲ. ಒದ್ದೆ ಕುಂಕುಮ ಕಲೆ ಮಾಡುತ್ತದೆ. ಒಣ ಕುಂಕುಮ ಮಾಡುವುದಿಲ್ಲ. ಮೊದಲ ಮಗ್ಗುಲಿನ ನಡುವೆ ಒಂದು ಚಿಟಿಕೆ ಒಣ ಕುಂಕುಮ ಇಟ್ಟರು. ದಾರಿಯಲ್ಲಿ ಅಲುಗಾಡದಿರಲೆಂದು ಅದನ್ನು ತಮ್ಮ ರೇಷ್ಮೆ ಶಲ್ಯದಲ್ಲಿ ಬಿಗಿಯಾಗಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಡೆಸ್ ಪ್ಲೇನ್ಸ್ ಕಡೆ ಡ್ರೈವ್ ಮಾಡಿದರು.

ಫ್ಯಾಕ್ಟರಿಯಲ್ಲಿ ಲೇಪದ ಕೆಲಸ ನೋಡುತ್ತಿದ್ದವನ ಹೆಸರು ಸ್ಟ್ಯಾನ್. ಅವನು ಶಲ್ಯ ಬಿಚ್ಚಿ ತಟ್ಟೆಯನ್ನು ದೀಪಕ್ಕೆ ಹಿಡಿದ.

"ಏನಿದು ಕೆಂಪಗೆ?"

ಕುಂಕುಮ ನಡುವೆ ಇರಲಿಲ್ಲ. ಹೈವೇಯ ಅಷ್ಟೂ ಮೈಲಿಯ ಸಣ್ಣ ನಡುಕಕ್ಕೆ ಅದು ಹರಡಿ ತಟ್ಟೆಯ ಅಂಚಿನವರೆಗೆ ಬಂದಿತ್ತು. ಮೇಲೆ ಬಿಗಿದಿದ್ದ ಶಲ್ಯ ಅದನ್ನು ಗೆರೆಗಳೊಳಗೆ ಉಜ್ಜಿತ್ತು. ಸ್ಟ್ಯಾನ್ ತೊಳೆದು ನೋಡಿದ. ಬಣ್ಣ ಹೋಯಿತು, ಗೀರು ಉಳಿಯಿತು. ಜೀವಮಾನವೆಲ್ಲ ಕಾರಿನ ನಡುಕ ಅಳೆದವರು ಅದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಎರಡನೇ ಮಗ್ಗುಲು ಚೆನ್ನಾಗಿದೆ" ಎಂದ ಸ್ಟ್ಯಾನ್. "ಇದನ್ನ ಒತ್ತಿದ್ರೆ ಹಾಡಿನ ಮೇಲೆಲ್ಲ ಮೆಣಸಿನಕಾಯಿ ಹುರಿದ ಹಾಗೆ ಚಟಪಟ ಅನ್ನತ್ತೆ. ಶುಕ್ರವಾರ ಮಧ್ಯಾಹ್ನದೊಳಗೆ ಹೊಸದು ತನ್ನಿ. ಆಮೇಲೆ ಬಂದಿದ್ದನ್ನ ಇಲ್ಲಿ ಯಾರೂ ತಗೊಳ್ಳಲ್ಲ."

ಅಂಕಲ್ ಫ್ಯಾಕ್ಟರಿಯ ಫೋನಿನಿಂದಲೇ ಮನೆಗೆ ಫೋನ್ ಮಾಡಿದರು.

"ಪದ್ಮ, ಬೇಸ್‌ಮೆಂಟಲ್ಲಿ ಹೆಡ್ಲಿ ಹಾಡುಗಳ ಮೇನ್ ಟೇಪ್ ಇದೆ. ಅದು ಇಲ್ಲಿ ಬೇಕು."

"ಏನಾಯ್ತು?"

"ಕುಂಕುಮ."

"ಅವ್ವ ಹಚ್ಚಿದ್ಳಾ?"

"ಇಲ್ಲ. ನಾನೇ ಇಟ್ಟೆ. ಯೋಚನೆ ಮಾಡಿ ಇಟ್ಟೆ."

"ನಿಮ್ಮ ಯೋಚನೆಗೆ ಒಂದು ನಮಸ್ಕಾರ" ಎಂದರು ಪದ್ಮ ಆಂಟಿ. "ಬೆಳಿಗ್ಗೆ ಆಸ್ಪತ್ರೆಗೆ ಹೇಳಿ ಹೊರಡ್ತೀನಿ. ಯಾವ ಎಕ್ಸಿಟ್, ಸರಿಯಾಗಿ ಹೇಳಿ."

ಚಿಕಾಗೋದಲ್ಲಿ ಲ್ಯಾಕರ್ ಕೊರೆಯುವ ಒಂದು ರೂಮಿನ ವಿಳಾಸವನ್ನು ಸ್ಟ್ಯಾನ್ ಕೊಟ್ಟ. ಗುರುವಾರ ಮಧ್ಯಾಹ್ನ ಪದ್ಮ ಆಂಟಿಯ ಕಾರು ಅಲ್ಲಿಗೆ ಬಂತು. ಟೇಪಿನ ಡಬ್ಬಿ ಕಮಲವ್ವನ ತೊಡೆಯ ಮೇಲಿತ್ತು.

"ನಾ ಬೆಲ್ಟ್ ಹಾಕ್ಕೊತೇನಿ ಅಂದ್ರ, ಇದಕ್ಕ ಮೊದಲು ಹಾಕು ಅಂದ್ಳು ನಿನ್ನ ಹೇಂತಿ" ಎಂದರು ಕಮಲವ್ವ ಇಳಿಯುತ್ತ. "ಇದರ ಹತ್ರ ಕುಂಕಮದ ಬಟ್ಟಲ ತರಬ್ಯಾಡೋ ಮಾರಾಯಾ."

ಅಂಕಲ್‌ಗೆ ನಗು ಬಂತು. ಆದರೆ ಒಳಗೆ ಸುದ್ದಿ ಚೆನ್ನಾಗಿರಲಿಲ್ಲ. ಕೊರೆಯುವವನ ಹತ್ತಿರ ಖಾಲಿ ತಟ್ಟೆ ಉಳಿದಿದ್ದುದು ಒಂದೇ. ಹೊಸ ತಟ್ಟೆಗಳು ಮುಂದಿನ ವಾರ. ಡೆಟ್ರಾಯಿಟಿನಂತೆ ಎರಡು ಹಾಳು ಮಾಡಿ ಮೂರನೆಯದು ಗೆಲ್ಲುವ ಹಾಗಿರಲಿಲ್ಲ. ಅವನು ಟೇಪ್ ಕೇಳಿ, ಗಡಿಯಾರ ನೋಡಿ, ತಲೆಯಾಡಿಸಿದ.

"ಐದು ಹಾಡು, ಇಷ್ಟು ಬಾಸು, ಒಂದೇ ತಟ್ಟೆ. ಗೆರೆ ಗೆರೆಗೆ ನುಗ್ಗಿದ್ರೆ ಮುಗೀತು. ಬಾಸ್ ಇಳಿಸಿ, ನಾನು ಗ್ಯಾರಂಟಿ ಕೊಡ್ತೀನಿ."

ಎಲ್ಲಿ ಇಳಿಸಬೇಕು, ಎಷ್ಟು ಇಳಿಸಬೇಕು ಎಂಬುದು ಅಂಕಲ್‌ಗೆ ಚೆನ್ನಾಗಿ ಗೊತ್ತಿತ್ತು. ಅವರೇ ಗುಂಡಿಗಳನ್ನು ತಿರುಗಿಸಿದರು. ಟೇಪನ್ನು ಮತ್ತೆ ಹಾಕಿದರು. ಹಾಡು ಶುಭ್ರವಾಗಿತ್ತು, ಹೆಡ್ಲಿಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ರೂಮಿನಲ್ಲಿ ಏನೂ ಅದುರಲಿಲ್ಲ.

"ಚೆನ್ನಾಗಿದೆಯಲ್ರೀ" ಎಂದರು ಪದ್ಮ ಆಂಟಿ.

"ತುಂಬ ಚೆನ್ನಾಗಿದೆ. ಲ್ಯಾಬಲ್ಲಾಗಿದ್ರೆ ಇದಕ್ಕೆ ನನಗೆ ಪ್ರಮೋಷನ್ ಸಿಕ್ತಿತ್ತು" ಎಂದರು ಅಂಕಲ್. ಗುಂಡಿಗಳನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರು. ಕೊರೆಯುವವನ ಕಡೆ ತಿರುಗಿ, "ಬಾಸ್ ಇಳಿಸಲ್ಲ. ಒಂದು ಹಾಡು ತೆಗೆದ್ರೆ ಹಿಡಿಯತ್ತಾ?" ಎಂದು ಕೇಳಿದರು.

"ನಾಲ್ಕು ಹಾಡು ಆರಾಮಾಗಿ ಹಿಡಿಯತ್ತೆ."

ಯಾವ ಹಾಡು ತೆಗೆಯುವುದು ಎಂದು ತೀರ್ಮಾನಿಸುವುದು ತಮ್ಮ ಕೆಲಸ ಅಲ್ಲ ಎಂದು ಅವರಿಗೆ ಅನ್ನಿಸಿತು. ಹೆಡ್ಲಿಗೆ ಫೋನ್ ಮಾಡಿದರು. ನಡೆದದ್ದನ್ನು ಮೊದಲಿನಿಂದ ಹೇಳಿದರು, ಕುಂಕುಮವನ್ನೂ ಹೇಳಿದರು.

"ನನ್ನ ರೆಕಾರ್ಡಿಗೆ ಪೌಡರ್ ಹಾಕಿದ್ಯಾ?"

"ದೇವರ ಪೌಡರು."

"ನಿಮ್ಮ ದೇವರಿಗೆ ರೆಗೆ ಇಷ್ಟ ಇಲ್ವಾ?"

"ದೇವರ ತಪ್ಪಲ್ಲ ಹೆಡ್ಲಿ. ನಂದು. ಈಗ ಎರಡೇ ದಾರಿ. ಐದೂ ಹಾಡು ಇರತ್ತೆ, ಬಾಸ್ ಇರಲ್ಲ. ಇಲ್ಲ, ಬಾಸ್ ಇರತ್ತೆ, ಒಂದು ಹಾಡು ಹೋಗತ್ತೆ. ನನ್ನ ಕೇಳಿದ್ರೆ ಹಾಡು ಹೋಗ್ಲಿ ಅಂತೀನಿ. ಯಾವುದು ಅಂತ ನೀನು ಹೇಳ್ಬೇಕು. ಬೇಡ, ನ್ಯೂಯಾರ್ಕಿಗೆ ಹೋಗ್ತೀನಿ ಅಂದ್ರೂ ಟೇಪ್ ನಿನ್ನ ಕೈಗೆ ತಂದು ಕೊಡ್ತೀನಿ."

ಹೆಡ್ಲಿ ಐದೂ ಹಾಡುಗಳ ಹೆಸರನ್ನು ಒಂದೊಂದಾಗಿ ಹೇಳಿಕೊಂಡು ಬಂದ.

"ಎರಕದ ಮನೆ ಬಾಗಿಲು, ಅದನ್ನ ತೆಗಿ" ಎಂದ ಹೆಡ್ಲಿ.

ಅದು ಕಾರ್ಖಾನೆ ಮುಚ್ಚಿದ ಮೇಲೂ ದಿನಾ ಬೆಳಿಗ್ಗೆ ಅದರ ಗೇಟಿಗೆ ಬಂದು ನಿಲ್ಲುತ್ತಿದ್ದ ಜನರ ಹಾಡು. ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಭಾರ.

"ಅದು ನಿನ್ನ ಬೆಸ್ಟ್ ಹಾಡು!"

"ಗೊತ್ತು. ಜಾಗ ಜಾಸ್ತಿ ತಿನ್ನೋದೂ ಅದೇ ತಾನೆ? ಒಂದು ಚಿಕ್ಕ ಹಾಡು ತೆಗೆದ್ರೆ ಉಳಿದೋವು ಒತ್ತಿಕೊಂಡು ಕೂರ್ಬೇಕು. ಇದನ್ನ ತೆಗಿ, ಬಾಕಿ ನಾಲ್ಕಕ್ಕೆ ಕಾಲು ಚಾಚೋಕೆ ಜಾಗ ಕೊಡು. ಮತ್ತೆ ಜಗನ್, ಬಾಸ್ ಇನ್ನೂ ಸ್ವಲ್ಪ ಏರಿಸು."

ಕೊರೆಯುವವನು ಏರಿಸಿದ. ಸೂಜಿ ಇಳಿಯಿತು. ನಾಲ್ಕೂ ಹಾಡು ಮುಗಿಯುವವರೆಗೆ ಕಮಲವ್ವ ಒಂದು ಮೂಲೆಯಲ್ಲಿ ಕೈ ಮುಗಿದು ಕೂತಿದ್ದರು. ಅಂಕಲ್ ನಿಂತೇ ಇದ್ದರು. ಕೊರೆಯುವವನು ಸೂಕ್ಷ್ಮದರ್ಶಕದಲ್ಲಿ ಗೆರೆಗಳನ್ನು ನೋಡಿ ಹೆಬ್ಬೆರಳೆತ್ತಿದ. ಶುಕ್ರವಾರ ಬೆಳಿಗ್ಗೆ ತಟ್ಟೆ ಡೆಸ್ ಪ್ಲೇನ್ಸ್ ತಲುಪಿತು. ಈ ಸಲ ಅದರ ಸ್ವಂತ ಪೆಟ್ಟಿಗೆಯಲ್ಲಿ, ಬಟ್ಟೆಯಿಲ್ಲದೆ, ಮೂರೂ ಜನ ಜೊತೆಗೆ ಹೋಗಿ. ಆ ಫ್ಯಾಕ್ಟರಿಯಲ್ಲಿ ಕಡೆಯದಾಗಿ ಒತ್ತಿದ್ದು ಒಂಟಿಕೊಪ್ಪಲ್ ರೆಕಾರ್ಡ್ಸ್‌ನ ಎಲ್‌ಪಿ ಎಂದು ಅಂಕಲ್ ಹೇಳುತ್ತಾರೆ. ಕಡೆಯದಕ್ಕಿಂತ ಒಂದು ಮುಂಚಿನದಿರಬೇಕು ಎಂದು ಪದ್ಮ ಆಂಟಿ.

ಒಂದು ತೊಡಕು ಉಳಿಯಿತು. ರೆಕಾರ್ಡಿನ ಹೊರಕವಚ ಮೊದಲೇ ಅಚ್ಚಾಗಿ ಬಂದಿತ್ತು. ಅದರ ಹಿಂದೆ 'ಎರಕದ ಮನೆ ಬಾಗಿಲು' ಮೂರನೆಯ ಹಾಡೆಂದು ದಪ್ಪಕ್ಷರದಲ್ಲಿತ್ತು. ಒಳಗೆ ಆ ಹಾಡಿರಲಿಲ್ಲ. ಕಪ್ಪು ಶಾಯಿಯಲ್ಲಿ ಹೊಡೆದುಹಾಕೋಣ ಎಂದು ಪದ್ಮ ಆಂಟಿ ಮಾರ್ಕರುಗಳನ್ನೂ ತಂದರು. ಹೆಡ್ಲಿ ಬಂದು, ಕವಚ ತಿರುಗಿಸಿ ನೋಡಿ, ಬೇಡ ಎಂದ.

"ಹಾಡು ಇದೆಯಲ್ಲ. ರೆಕಾರ್ಡಲ್ಲಿ ಇಲ್ಲ, ಅಷ್ಟೆ."

ರೆಕಾರ್ಡು ಅಂಗಡಿಗೆ ಹೋದ ಮೊದಲ ವಾರವೇ ಫೋನುಗಳು ಬಂದವು. ಚಿಕಾಗೋದಿಂದ ಒಬ್ಬ ಅಂಗಡಿಯವನು ಕೂಗಾಡಿದ. "ಗಿರಾಕಿಗಳು ನನ್ನನ್ನ ಬೈತಿದಾರೆ. ಮೂರನೇ ಹಾಡು ಎಲ್ಲಿ?"

"ಹೆಡ್ಲಿ ಹತ್ರ ಇದೆ" ಎಂದರು ಅಂಕಲ್. "ಡಿಸೆಂಬರಲ್ಲಿ ಡೆಟ್ರಾಯಿಟಲ್ಲಿ ಹಾಡ್ತಾನೆ. ಬಂದು ಕೇಳೋಕೆ ಹೇಳಿ."

ಹೇಳುವಾಗ ಅಂಥ ಕಾರ್ಯಕ್ರಮ ಇನ್ನೂ ನಿಗದಿಯಾಗಿರಲಿಲ್ಲ. ಫೋನ್ ಇಟ್ಟ ಮೇಲೆ ಹಾಲ್ ಬುಕ್ ಮಾಡಿದರು. ಫೋನ್ ಮಾಡಿದ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದರು. ಹಿಮ ಬೀಳುತ್ತಿದ್ದ ಆ ಶನಿವಾರ ಹಾಲ್ ತುಂಬಿತು. ಗೋಡೆಗೊರಗಿ ನಿಂತವರೇ ಹೆಚ್ಚು. ಕೆಲಸ ಕಳೆದುಕೊಂಡ ಎರಕದವರು ಹೆಂಡಿರು ಮಕ್ಕಳ ಜೊತೆ ಬಂದಿದ್ದರು. ಚಿಕಾಗೋದಿಂದ ಎರಡು ವ್ಯಾನ್ ಜನ ಬಂದಿದ್ದರು. ಹೆಡ್ಲಿ ಆ ಹಾಡನ್ನು ಮೂರು ಸಲ ಹಾಡಬೇಕಾಯಿತು. ಕೆಳಗಿಳಿದು ಬಂದವನು ಬೆವರು ಒರೆಸಿಕೊಳ್ಳುತ್ತ, "ಮುಂದಿನ ರೆಕಾರ್ಡ್ ಯಾವಾಗ?" ಎಂದು ಕೇಳಿದ. ನ್ಯೂಯಾರ್ಕಿನ ಮಾತು ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆಮೇಲೆ ಅಂಕಲ್‌ಗೆ ಇಟಾಸ್ಕಾದಲ್ಲಿ ಕೆಲಸ ಸಿಕ್ಕಿತು. ಲಿವೋನಿಯಾದ ಮನೆ ಬಿಟ್ಟು ಚಿಕಾಗೋ ಕಡೆಗೆ ಬಂದರು. ಒಂಟಿಕೊಪ್ಪಲ್ ರೆಕಾರ್ಡ್ಸ್ ಹೊಸ ಮನೆಯ ಬೇಸ್‌ಮೆಂಟಿನಲ್ಲಿ ಮುಂದುವರಿಯಿತು. ಹೆಡ್ಲಿಯ ಇನ್ನೂ ನಾಲ್ಕು ಎಲ್‌ಪಿ ಬಂದವು, ಬೇರೆಯವರವೂ ಬಂದವು. ಪ್ರತಿ ಸಲವೂ ಅಂಕಲ್ 'ಎರಕದ ಮನೆ ಬಾಗಿಲು' ಸೇರಿಸೋಣ ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಹೆಡ್ಲಿ, ಅದು ಎದುರು ಬಂದು ಕೇಳುವವರಿಗೆ ಮಾತ್ರ, ಎನ್ನುತ್ತಿದ್ದ. ಟೇಪು ಅಂಕಲ್ ಹತ್ತಿರವೇ ಇದೆ. ಹೆಡ್ಲಿ ತೀರಿಕೊಂಡ ಮೇಲೂ ಅದನ್ನು ಅವರು ಯಾರಿಗೂ ಕೊಟ್ಟಿಲ್ಲ.

ಕೇಳಿದರೆ ತಾವೇ ಹಾಡಿ ತೋರಿಸುತ್ತಾರೆ. ಒಂದು ಮಾತೂ ತಪ್ಪದೆ ಪೂರ್ತಿ ಬರುತ್ತದೆ. ಶ್ರುತಿ ಇಲ್ಲ ಎಂದು ಪದ್ಮ ಆಂಟಿ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾರೆ. ಈ ಒಂದು ವಿಷಯದಲ್ಲೂ ಅವರಿಬ್ಬರ ಅಭಿಪ್ರಾಯ ಬೇರೆಬೇರೆ.